ಸಹಾಯ ಸಿಕ್ಕಿದೆ

ಶಾಸಕಿಯ ಕಚೇರಿಯಲ್ಲಿ ಅವನ ನಿಜವಾದ ಹೆಸರು ಇದ್ದದ್ದು ಸಂಬಳದ ಪಟ್ಟಿಯಲ್ಲಿ ಮಾತ್ರ. ಬಾಗಿಲಿಗೆ ಬಂದವರಿಗೆಲ್ಲ ಅವನು ಪತ್ರದಣ್ಣ. ಹದಿನಾರು ವರ್ಷದಿಂದ ಅವನು ಟೈಪು ಮಾಡಿದ್ದು ಒಂದೇ ಪತ್ರ: 'ಇದನ್ನು ತರುತ್ತಿರುವವರು ಬಡವರು, ನನಗೆ ಪರಿಚಿತರು, ದಯವಿಟ್ಟು ಇವರ ಚಿಕಿತ್ಸೆಗೆ ನೆರವಾಗಿ.' ರೋಗಿಯ ಹೆಸರು ಬದಲಾಗುತ್ತಿತ್ತು, ಕಾಯಿಲೆ ಬದಲಾಗುತ್ತಿತ್ತು, ಆಸ್ಪತ್ರೆ ಬದಲಾಗುತ್ತಿತ್ತು. ಉಳಿದದ್ದನ್ನು ಅವನ ಬೆರಳುಗಳೇ ಹೊಡೆದು ಮುಗಿಸುತ್ತಿದ್ದವು.

ಪ್ರತಿ ಪತ್ರವೂ ಒಂದು ದಪ್ಪ ರಿಜಿಸ್ಟರಿನಲ್ಲಿ ದಾಖಲಾಗಬೇಕು. ಕೊನೆಯ ಕಾಲಂ 'ಏನಾಯಿತು' ಎನ್ನುವುದು. ಮೊದಲ ವರ್ಷ ಪಾಪ, ಜನರನ್ನು ಕೇಳಿ ಕೇಳಿ ಬರೆದ. ಅರ್ಧ ಜನ ತಿರುಗಿ ಬರಲೇ ಇಲ್ಲ. ಬಂದವರು ಬಾಯಿಗೆ ಬಂದಂತೆ ಬೈದರು. ಒಂದು ದಿನ ಮೇಡಂ ಪುಟ ತಿರುವಿ, "ಇಷ್ಟೊಂದು ಖಾಲಿ ಬಿಟ್ರೆ ಚೆನ್ನಾಗಿ ಕಾಣಲ್ಲಪ್ಪ" ಎಂದರು. ಅಷ್ಟೇ ಅಂದದ್ದು. ಇವನು ಮಾರನೆಯ ದಿನವೇ ಮೊಹರಿನ ಅಂಗಡಿಗೆ ಹೋಗಿ ಒಂದು ರಬ್ಬರ್ ಮೊಹರು ಮಾಡಿಸಿಕೊಂಡು ಬಂದ: 'ಸಹಾಯ ಸಿಕ್ಕಿದೆ.' ತಿಂಗಳ ಕೊನೆಯ ಶನಿವಾರ ನೇರಳೆ ಶಾಯಿಯಲ್ಲಿ ಅದ್ದಿ ಮೇಲಿನಿಂದ ಕೆಳಕ್ಕೆ ಟಪ್ ಟಪ್ ಎಂದು ಹೊಡೆದುಬಿಟ್ಟರೆ ಪುಟ ಕಣ್ಣಿಗೆ ತಂಪು. ಯಾರ ಗಂಟೇನು ಹೋಗುತ್ತದೆ? ಚುನಾವಣೆಯ ಕರಪತ್ರದಲ್ಲಿ 'ನಾಲ್ಕು ಸಾವಿರ ಕುಟುಂಬಗಳಿಗೆ ನೆರವು' ಎಂದು ಅಚ್ಚಾದಾಗ ಅದನ್ನು ಮನೆಗೆ ತಂದು ಅಕ್ಕನಿಗೆ ತೋರಿಸಿದ್ದ. ಅಕ್ಕ ಕನ್ನಡಕ ಹಾಕಿಕೊಂಡು ಓದಿ, "ಪರವಾಗಿಲ್ಲ, ನಿನಗೆ ಟೈಪಿಂಗ್ ಕಲಿಸಿದ್ದು ದಂಡ ಆಗಲಿಲ್ಲ" ಎಂದಿದ್ದಳು.

ಅಕ್ಕ ಬಟ್ಟೆ ಹೊಲಿದು ಅವನನ್ನು ಸಾಕಿದವಳು. ಮದುವೆಯ ಮಾತು ಬಂದಾಗಲೆಲ್ಲ "ಇವನೊಬ್ಬನ ಕಾಟವೇ ಸಾಕು" ಎಂದು ನಕ್ಕು ಸುಮ್ಮನಾದವಳು. ಈಗ ಅವಳ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಅದಕ್ಕೆ ಎರಡೂವರೆ ಗಂಟೆ ಬಸ್ಸಿನಲ್ಲಿ ಹೋಗಿ ದೊಡ್ಡ ಆಸ್ಪತ್ರೆಯ ಸಾಲಿನಲ್ಲಿ ಕೂರಬೇಕು. ಬರುವಾಗ ಬಸ್ಸಿನ ಕಿಟಕಿಗೆ ತಲೆ ಒರಗಿಸಿಕೊಂಡು ವಾಂತಿ. ಅವರ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಖಾಸಗಿ ಆಸ್ಪತ್ರೆ, ಅಲ್ಲಿ ನಾಲ್ಕು ಯಂತ್ರ. ಆದರೆ ಆ ಮೆಟ್ಟಿಲು ಹತ್ತುವಷ್ಟು ದುಡ್ಡು ಇವರಲ್ಲಿರಲಿಲ್ಲ. "ಇನ್ನು ಹೆಚ್ಚು ದಿನ ಈ ಪ್ರಯಾಣ ಇವರ ಮೈಗೆ ಆಗಲ್ಲ" ಎಂದು ಡಾಕ್ಟರು ಹೇಳಿಯಾಗಿತ್ತು.

ಅದೇ ವರ್ಷ ಮೇಡಂ ಒಂದು ಮಸೂದೆ ತಂದರು. ಮೊದಲು ಶಾಲೆಯ ಟೀಚರಾಗಿದ್ದವರು, ಹಟ ಹಿಡಿದರೆ ಬಿಡುವವರಲ್ಲ. ಯಾರ ಪತ್ರವೂ ಬೇಡ, ರೋಗಿ ಬಂದರೆ ಹತ್ತಿರದ ಆಸ್ಪತ್ರೆ, ಅದು ಯಾರದ್ದೇ ಇರಲಿ, ಚಿಕಿತ್ಸೆ ಕೊಡಲೇಬೇಕು; ಖರ್ಚು ಸರ್ಕಾರದ್ದು. ಮಸೂದೆ ಏಳು ಜನರ ಸಮಿತಿಗೆ ಹೋಯಿತು. ಮೂರು ತಿಂಗಳು ಚೌಕಾಸಿ ನಡೆಯಿತು. ಮೇಡಂ ಒಬ್ಬೊಬ್ಬ ಸದಸ್ಯರ ಮನೆಗೂ ಹೋಗಿ ಕೂತರು, ಫೈಲು ಹಿಡಿದುಕೊಂಡು ಹಿಂದೆ ಇವನು. ಪ್ರತಿ ಮನೆಯಲ್ಲೂ ಒಂದೊಂದು ಚಿಕಿತ್ಸೆಯನ್ನು ಬಿಟ್ಟು ಬರಬೇಕಾಯಿತು.

"ಹಲ್ಲು ಬಿಟ್ಟೆ, ಕಣ್ಣು ಬಿಟ್ಟೆ, ಮಂಡಿನೂ ಬಿಟ್ಟುಕೊಟ್ಟೆ" ಎಂದರು ಕಾರಿನಲ್ಲಿ ಕೂತು. "ಕಿಡ್ನಿ ಮಾತ್ರ ಉಳಿಸಿಕೊಂಡಿದೀನಿ. ನಿಮ್ಮಕ್ಕನಿಗೆ ಹೇಳಪ್ಪ, ಇನ್ನೊಂದು ತಿಂಗಳು."

ಅವನು ಹೇಳಿದ. ಅಕ್ಕ ಊದಿದ ಪಾದಗಳನ್ನು ಸ್ಟೂಲಿನ ಮೇಲಿಟ್ಟುಕೊಂಡು, "ಹತ್ತು ನಿಮಿಷ ತಾನೇ, ನಡೆದೇ ಹೋಗ್ತೀನಿ" ಎಂದಳು. ಹಳೆ ಚಪ್ಪಲಿಯ ಪಟ್ಟಿಯನ್ನು ಆ ಸಂಜೆಯೇ ಕೂತು ಹೊಲಿದಳು.

ಕೊನೆಯ ಸಭೆಗೆ ಬೇಕಾಗಬಹುದೆಂದು ಇವನೇ, ಯಾರೂ ಹೇಳದೆ, ಆರು ರಿಜಿಸ್ಟರುಗಳನ್ನು ಹೊತ್ತುಕೊಂಡು ಹೋದ. ಎಷ್ಟು ಜನ ಕಷ್ಟದಲ್ಲಿದ್ದಾರೆ ಎಂದು ಸಮಿತಿ ಕಣ್ಣಾರೆ ನೋಡಲಿ ಎಂಬ ಆಸೆ. ದಡ್ಡ, ಕೊನೆಯ ಕಾಲಂ ಅವನ ನೆನಪಿಗೇ ಬರಲಿಲ್ಲ.

ಸಮಿತಿಯ ಅಧ್ಯಕ್ಷರು ಸ್ವತಃ ನರ್ಸಿಂಗ್ ಹೋಮ್ ಇಟ್ಟವರು. ಸಾವಧಾನವಾಗಿ ಪುಟ ತಿರುಗಿಸಿದರು. ಒಂದು ಪುಟ, ಹತ್ತು ಪುಟ, ಇನ್ನೊಂದು ರಿಜಿಸ್ಟರು. ಎಲ್ಲೆಲ್ಲೂ ನೇರಳೆ.

"ಅಲ್ಲ ಮೇಡಂ, ನಿಮ್ಮ ಪತ್ರ ತಗೊಂಡು ಹೋದವರಿಗೆಲ್ಲ ಸಹಾಯ ಸಿಕ್ಕಿದೆಯಲ್ಲ. ಒಬ್ಬರೂ ಬರಿಗೈಲಿ ಬಂದಿಲ್ಲ. ಮತ್ತೆ ಕಾನೂನು ಯಾಕೆ?" ಆಮೇಲೆ ಇವನ ಕಡೆ ತಿರುಗಿದರು. "ಇದನ್ನ ಬರೆಯೋರು ನೀವೇನಾ? ಇದೆಲ್ಲ ನಿಜ ತಾನೇ?"

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಯಿತು ಅವನ ಸ್ಥಿತಿ. ಸುಳ್ಳು ಎಂದರೆ ಏಳು ಜನರ ಮುಂದೆ ಮೇಡಂ ಸುಳ್ಳಿಯಾಗುತ್ತಾರೆ, ಕರಪತ್ರ ಸುಳ್ಳಾಗುತ್ತದೆ, ತನ್ನ ಕೆಲಸವೂ ಹೋಗುತ್ತದೆ. ಮೇಡಂ ಮುಖ ನೋಡಿದ. ಅವರು ಎದುರಿನ ನೀರಿನ ಲೋಟವನ್ನೇ ನೋಡುತ್ತಿದ್ದರು.

"ನಿಜ ಸಾರ್" ಎಂದ.

ಅಲ್ಲಿಗೆ ಕಥೆ ಮುಗಿಯಿತು. ಶಾಸಕರ ಪತ್ರ ತಂದವರಿಗೆ, ಆಸ್ಪತ್ರೆಯಲ್ಲಿ ಅನುಕೂಲವಿದ್ದರೆ, ಚಿಕಿತ್ಸೆ ಕೊಡಬಹುದು ಎಂದು ಮಸೂದೆಯನ್ನು ತಿದ್ದಿದರು. ಕೊಡಲೇಬೇಕು ಎನ್ನುವುದನ್ನು ಹೊಡೆದು ಹಾಕಿದರು. ಸದನದಲ್ಲಿ ಎಲ್ಲರೂ ಮೇಜು ಕುಟ್ಟಿದರು. ವಾಪಸು ಬಂದು ಕಾರಿನಿಂದ ಇಳಿಯುವಾಗ ಮೇಡಂ, "ಇನ್ಮೇಲೆ ಆ ಕಾಲಂನಲ್ಲಿ ನಡೆದದ್ದನ್ನೇ ಬರಿ" ಎಂದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಮಾರನೆಯ ದಿನ ಅಕ್ಕನ ಪತ್ರ ಟೈಪು ಮಾಡಿದ. 'ನನಗೆ ಪರಿಚಿತರು' ಎನ್ನುವಲ್ಲಿ ಬೆರಳು ಎರಡು ಸಲ ತಪ್ಪಿತು. ಖಾಸಗಿ ಆಸ್ಪತ್ರೆಯ ಕೌಂಟರಿನ ಹುಡುಗಿ ಮರ್ಯಾದೆಯಿಂದಲೇ ಓದಿ, ಅಂಥದ್ದೇ ಪತ್ರಗಳಿದ್ದ ಒಂದು ರಟ್ಟಿನ ಡಬ್ಬಿಗೆ ಹಾಕಿದಳು. "ಸದ್ಯಕ್ಕೆ ಅನುಕೂಲ ಇಲ್ಲ ಸಾರ್." ಅವಳ ಹಿಂದೆ, ಗಾಜಿನಾಚೆ, ಎರಡು ಯಂತ್ರಗಳು ಬಟ್ಟೆ ಹೊದ್ದು ಖಾಲಿ ನಿಂತಿದ್ದವು.

ಮನೆಗೆ ಬಂದು ಅಕ್ಕನಿಗೆ ಎಲ್ಲವನ್ನೂ ಹೇಳಿದ. ಮೊಹರಿನದ್ದು, ಸಮಿತಿಯದ್ದು, 'ನಿಜ ಸಾರ್' ಎಂದದ್ದು.

"ನನ್ನನ್ನ ಒಂದು ಮಾತು ಕೇಳಬಾರದಿತ್ತೇನೋ" ಎಂದಳು ಅಕ್ಕ. "ನಾನೇ ಬಂದು ಅವರ ಮುಂದೆ ಕೂರ್ತಿದ್ದೆ. ಈ ಕಾಲು ತೋರಿಸಿದ್ರೆ ಸಾಕಾಗ್ತಿತ್ತು."

ಅವನು ಅತ್ತ. ಅವಳು ಅವನ ತಲೆಯ ಮೇಲೆ ಕೈಯಿಟ್ಟು, "ಸರಿ ಬಿಡು, ನಾಳೆ ಬಸ್ಸು ಎಷ್ಟು ಗಂಟೆಗೆ?" ಎಂದಳು. ಇನ್ನೂ ಹನ್ನೊಂದು ಸಲ ಆ ಬಸ್ಸು ಹತ್ತಿದಳು. ಹನ್ನೆರಡನೆಯ ಸಲ ಬಾಗಿಲಿನ ತನಕ ಬಂದು, ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವಳು ಏಳಲಿಲ್ಲ.

ತಿಂಗಳ ಕೊನೆಯ ಶನಿವಾರ ಬಂತು. ರಿಜಿಸ್ಟರು ತೆಗೆದ. ಅಕ್ಕನ ಹೆಸರಿನ ಮುಂದೆ ಪೆನ್ನಿನಲ್ಲಿ 'ಸಿಗಲಿಲ್ಲ' ಎಂದು ಬರೆದ. ಆಮೇಲೆ ಹಿಂದಿನ ಪುಟಗಳನ್ನೂ ತಿದ್ದಿಬಿಡಬೇಕೆನಿಸಿತು. ಪೆನ್ನು ಹಿಡಿದು ಒಂದೊಂದೇ ಪುಟ ತಿರುಗಿಸಿದ. ನೇರಳೆ, ನೇರಳೆ. ನಾಲ್ಕು ಸಾವಿರ ಹೆಸರು. ಎಲ್ಲಿ ಏನು ಬರೆಯಬೇಕೆಂದು ಒಂದು ಸಾಲಿನಲ್ಲೂ ತಿಳಿಯಲಿಲ್ಲ. ಮೊಹರು ಬಂದ ಮೇಲೆ ಅವನು ಯಾರನ್ನೂ ಕೇಳಿರಲಿಲ್ಲ.