ನೀಲಿ ಕಾರಿನವನ ಕೈಸನ್ನೆ

ರೋಡ್ ಹಂಪನ್ನು ಓರೆಯಾಗಿ ಹತ್ತಿಸುವ ಕಾರು ಕಂಡರೆ ನನಗೆ ಹಬ್ಬ. ನೆಲಕ್ಕೆ ತಗ್ಗಿಸಿದ ಕಾರನ್ನು ನೇರ ಹತ್ತಿಸಿದರೆ ತಳ ಉಜ್ಜುತ್ತದೆ; ಒಂದೊಂದೇ ಚಕ್ರ ಏರಿಸಬೇಕು. ದೊಡ್ಡಬಳ್ಳಾಪುರದಲ್ಲಿ ಹಾಗೆ ಓಡಿಸುವವರು ಬೆರಳೆಣಿಕೆಯಷ್ಟು. ಹಳೆಯ ಜಪಾನ್ ಕಾರು ಕೊಂಡು, ಸ್ಪ್ರಿಂಗು, ಸೈಲೆನ್ಸರು, ಚಕ್ರ ಎಲ್ಲ ಬದಲಿಸಿ, ಅದಕ್ಕೇ ಜೀವ ತೇಯುವ ನನ್ನಂಥ ಹುಚ್ಚರು. ಎದುರಾದರೆ ಎರಡು ಸಲ ಲೈಟ್ ಹೊಡೆಯುವುದು ನಮ್ಮ ನಮಸ್ಕಾರ.

ಆ ಕಾರುಗಳಲ್ಲೆಲ್ಲ ನೀಲಿಯದೊಂದು ನನ್ನ ಕಣ್ಣು ಕಟ್ಟಿಹಾಕಿತ್ತು. ಎರಡೇ ಬಾಗಿಲು, ಹಿಂದೆ ಅಗಲವಾದ ರೆಕ್ಕೆ. ಮಾಕಳಿದುರ್ಗದ ತಿರುವಿನಲ್ಲಿ ಅದು ಹೋಗುವ ಚೆಂದ ನೋಡಬೇಕು, ಬೆಣ್ಣೆಯಿಂದ ಕೂದಲು ತೆಗೆದಂತೆ. ಆದರೆ ಒಂದು ವರ್ಷ ನಾನೆಷ್ಟು ಲೈಟ್ ಹೊಡೆದರೂ ಅದನ್ನು ಓಡಿಸುವವನು ಒಮ್ಮೆಯೂ ತಿರುಗಿ ಹೊಡೆಯಲಿಲ್ಲ. ಬೆಂಗಳೂರಿನ ಯಾವನೋ ದುಡ್ಡಿದ್ದವನ ಮಗ, ಕೊಬ್ಬು ಎಂದುಕೊಂಡೆ.

ಕಳೆದ ಶ್ರಾವಣದಲ್ಲಿ ಹೆಂಡತಿಯೊಡನೆ ಘಾಟಿ ದೇವಸ್ಥಾನದಿಂದ ವಾಪಸಾಗುತ್ತಿದ್ದೆ. ಹಿಂದಿನಿಂದ ನೀಲಿ ಕಾರು ಹಾರ್ನ್ ಹೊಡೆಯುತ್ತ ಬಂತು. ಪಂದ್ಯಕ್ಕೆ ಕರೆಯುತ್ತಿದ್ದಾನೆಂದು ನಾನೂ ವೇಗ ಹೆಚ್ಚಿಸಿದೆ. ಅವನು ನಮ್ಮನ್ನು ದಾಟಿ ಮುಂದೆ ಹೋಗಿ, ಕಿಟಕಿಯಿಂದ ಬಲಗೈ ಚಾಚಿದ. ಹೆಬ್ಬೆರಳು, ತೋರುಬೆರಳು ಜೋಡಿಸಿ ಪಟ್ಟನೆ ಬಿಡಿಸಿದ. ಆಮೇಲೆ ಅಂಗೈಯನ್ನು ಕೆಳಕ್ಕೆ ಒತ್ತಿದ.

"ರೀ, ನಿಲ್ಸಿ! ಎಳೆ ಹರಿದಿದೆ, ಮಗ್ಗ ನಿಲ್ಸು ಅಂತಿದಾನೆ!" ಎಂದು ಹೆಂಡತಿ ಕೂಗಿದಳು.

ನಮ್ಮ ಮನೆಯ ಹಿಂದೆ ನಾಲ್ಕು ವಿದ್ಯುತ್ ಮಗ್ಗಗಳಿವೆ. ಆ ಸದ್ದಿನಲ್ಲಿ ಮಾತು ಕೇಳಿಸದು. ನೇಯುವಾಗ ನಾವಿಬ್ಬರೂ ಮಾತಾಡುವುದೆಲ್ಲ ಕೈಸನ್ನೆಯಲ್ಲೇ. ಆ ಸನ್ನೆ ಕಂಡ ಮೇಲೆ ಯೋಚಿಸುವ ಮಾತೇ ಇಲ್ಲ. ಬ್ರೇಕ್ ಒತ್ತಿದೆ.

ಇಳಿದು ನೋಡಿದರೆ ಎಂಜಿನ್ನಿನ ಆಯಿಲ್ ಚೇಂಬರ್ ಒಡೆದಿತ್ತು. ಹಿಂದೆ ರಸ್ತೆಯುದ್ದಕ್ಕೂ ಕಪ್ಪು ಗೆರೆ. ಘಾಟಿಯ ಹಂಪನ್ನು ಮಾತಿನ ಭರದಲ್ಲಿ ನೇರವಾಗಿ ಹತ್ತಿಸಿದ್ದೆ! ಇನ್ನೆರಡು ಮೈಲಿ ಹೋಗಿದ್ದರೆ ಎಂಜಿನ್ ಸುಟ್ಟುಹೋಗುತ್ತಿತ್ತು. ಅದನ್ನು ಮೂರು ವರ್ಷ ಕೂತು ಸರಿಮಾಡಿಕೊಂಡಿದ್ದೆ.

ನೀಲಿ ಕಾರಿನಿಂದ ಇಳಿದವನಿಗೆ ನನಗಿಂತ ವಯಸ್ಸಾಗಿತ್ತು, ತಲೆ ನರೆತಿತ್ತು. ಅಂಗಿಯ ತೋಳಿಗೆ ನೂಲಿನ ಚೂರು ಅಂಟಿತ್ತು. ಕಾರಿನ ವಿಷಯ ಬಿಟ್ಟು ನಾನು ಕೇಳಿದ್ದು, "ಎಷ್ಟು ಮಗ್ಗ?"

"ಆರು. ನಿಮ್ದು?"

"ನಾಲ್ಕು. ಅಲ್ಲಾ ಸ್ವಾಮಿ, ಒಂದು ವರ್ಷದಿಂದ ಲೈಟ್ ಹೊಡೀತಾನೇ ಇದ್ದೀನಿ. ನೀವ್ಯಾಕೆ ತಿರುಗಿ ಹೊಡೆಯಲ್ಲ?"

"ಅಯ್ಯೋ, ಆ ಸ್ವಿಚ್ಚು ಗಾಡಿ ತಗೊಂಡಾಗ್ಲಿಂದ ಕೆಟ್ಟೋಗಿದೆ. ಎಲ್ಲಿ ಹುಡುಕಿದ್ರೂ ಸಿಕ್ಕಿಲ್ಲ. ಅದಕ್ಕೇ ನಿಮ್ಮನ್ನ ಕಂಡಾಗೆಲ್ಲ ಒಳಗಿಂದ ಕೈ ಎತ್ತುತಿದ್ದೆ. ನೀವು ಗಾಡೀನೇ ನೋಡ್ತಿದ್ರಿ."

ಹೆಂಡತಿ ನನ್ನ ಮುಖ ನೋಡಿ ನಕ್ಕಳು. ನನಗೆ ನಾಚಿಕೆಯಾಯಿತು. ಆ ಕಾರಿನ ಚಕ್ರಕ್ಕೆ ಎಷ್ಟು ಬೋಲ್ಟು ಎಂಬುದು ನನಗೆ ಬಾಯಿಪಾಠವಾಗಿತ್ತು.

ಈಗ ಅವರು ಎದುರಾದರೆ ಮೊದಲು ಮುಖ ನೋಡಿ ಕೈ ಎತ್ತುತ್ತೇನೆ. ಕಾರು ಆಮೇಲೆ; ಅದೂ ಕಣ್ಣು ತುಂಬ.