ಒಬ್ಬರು ಇಳಿಯಬೇಕು

"ತೂಕ ಹೆಚ್ಚಾಗಿದೆ ಸರ್, ಒಬ್ಬರು ಇಳೀಲೇಬೇಕು." ಗಾವಡಗೆರೆಯ ಶಾಲಾ ಮೈದಾನದಲ್ಲಿ ಬಾಡಿಗೆ ಹೆಲಿಕಾಪ್ಟರಿನ ಪೈಲಟ್ ಹೀಗೆಂದಾಗ ನಮ್ಮ ಬೀಗರ ಮುಖ ಕೆಂಪಾಯಿತು. ಅಂದು ನನ್ನ ಮಗಳ ಮದುವೆ. ಮಗ, ಸೊಸೆ, ಹೆಂಡತಿಯೊಂದಿಗೆ ಹಾರಿ ಊರು ಸೇರಬೇಕೆಂದು ಅವರೇ ಆಸೆಪಟ್ಟು ಅದನ್ನು ಗೊತ್ತುಮಾಡಿದ್ದರು.

"ಒಬ್ರಿಂದ ಏನಾಯ್ತದೆ, ಹೊರಡಮ್ಮ" ಎಂದು ಗದರಿದರು.

ನನ್ನ ಮಗಳ ವಯಸ್ಸಿನ ಆ ಪೈಲಟ್ ಹುಡುಗಿ ಎಂಜಿನ್ ಶುರು ಮಾಡಲೇ ಇಲ್ಲ. "ನಿಯಮ ಸರ್. ಇವರೆಲ್ಲ ನನ್ನನ್ನ ನಂಬಿ ಕೂತಿದ್ದಾರೆ" ಎಂದಳು.

ಬೀಗರು ಹಿಂದೆ ತಿರುಗಿ, ಹೆದರಿ ಕೂತಿದ್ದ ಸೊಸೆಯ ಮುಖ ನೋಡಿದರು. ತಾವೇ ಇಳಿದು ದಿಬ್ಬಣದ ಬಸ್ಸಿನತ್ತ ನಡೆದರು. ಹೆಲಿಕಾಪ್ಟರ್ ಮೇಲೇರಿದಾಗ ಎಲ್ಲರಿಗಿಂತ ಜೋರಾಗಿ ಕೈಬೀಸಿದವರೂ ಅವರೇ.

ಮಗಳನ್ನು ಕಳಿಸುವಾಗ ಅಳುತ್ತೇನೆಂದುಕೊಂಡಿದ್ದೆ. ಅಂಥ ಪೈಲಟ್ ಕೈಯಲ್ಲಿ, ಅಂಥ ಮಾವನ ಮನೆಗೆ ಹೋಗುತ್ತಿದ್ದಾಳಲ್ಲ ಎಂಬ ನೆಮ್ಮದಿಯಲ್ಲಿ ಅಳುವೇ ಬರಲಿಲ್ಲ.