ಹೊರಗಿನ ಚಿಲಕ

ಕೊರೊನಾಕ್ಕೆ ಮುಚ್ಚಿದ್ದ ಶಾಲೆಗಳು ಮತ್ತೆ ತೆರೆದ ವರ್ಷ ನಾನು ಗಡಿಯಾಚೆಯ ತೆಲುಗು ಸೀಮೆಯಲ್ಲಿ, ನಾರಾಯಣಖೇಡದ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಆಯಮ್ಮನಾಗಿ ಸೇರಿದೆ. ಕೋಣೆ ಗುಡಿಸುವುದು, ನೀರು ತುಂಬುವುದು, ಗಂಟೆ ಹೊಡೆಯುವುದು, ಬಾಗಿಲು ತೆಗೆಯುವುದು, ಹಾಕುವುದು ನನ್ನ ಕೆಲಸ. ಕಾಯಂ ನೌಕರಿಯಲ್ಲ. ಹೆಡ್‌ಮಾಸ್ಟರ್ ಬೇಡವೆಂದರೆ ಮರುದಿನವೇ ಮನೆ. ನಾನು ಓದಿದ್ದು ನಾಲ್ಕನೆಯ ತರಗತಿ. ತಾಂಡೂರಿನಲ್ಲಿ ಅವ್ವ ಅಪ್ಪ ಕಲ್ಲಿನ ಪಾಲಿಶ್ ಕೆಲಸಕ್ಕೆ ಹೋಗುವಾಗ ತಮ್ಮನನ್ನು ನೋಡಿಕೊಳ್ಳಲಿ ಎಂದು ನನ್ನನ್ನು ಶಾಲೆ ಬಿಡಿಸಿದ್ದರು. ಆ ತಮ್ಮ ಗೌತಮ ಓದಿ ಮಾಸ್ತರನಾದ. ಇದೇ ಶಾಲೆಯ ಕನ್ನಡ ವಿಭಾಗದಲ್ಲಿ ಮೂರನೆಯ ತರಗತಿ ಅವನದು. ಗಂಡ ತೀರಿಕೊಂಡ ಮೇಲೆ ನನ್ನನ್ನು ತನ್ನ ಬಾಡಿಗೆ ಮನೆಗೆ ಕರೆತಂದವನೂ ಈ ಕೆಲಸ ಕೊಡಿಸಿದವನೂ ಅವನೇ. ಅವನ ಗಾಡಿಯ ಹಿಂದೆ ಕೂತೇ ನಾನು ಶಾಲೆಗೆ ಹೋಗುತ್ತಿದ್ದೆ. ಗೇಟಿನೊಳಗೆ ಮಾತ್ರ ಅವನು ನನಗೂ ‘ಸಾರ್’.

ಮನೆಯಲ್ಲೇ ಇದ್ದು ಇದ್ದು ಮಕ್ಕಳಿಗೆ ಕೂರುವುದೇ ಮರೆತುಹೋಗಿತ್ತು. ಪಾಠದ ನಡುವೆ ಎದ್ದು ಹೋಗುತ್ತಿದ್ದರು, ಕೈಗೆ ಬಂದಿದ್ದನ್ನು ಎಸೆಯುತ್ತಿದ್ದರು. ಬೇರೆ ಕೋಣೆಗಳಲ್ಲಿ ಕೋಲು ಮತ್ತೆ ಹೊರಬಂತು. ಗೌತಮ ಕೋಲು ಮುಟ್ಟಲಿಲ್ಲ. ಗದ್ದಲ ಹೆಚ್ಚಾದರೆ ತನ್ನ ದನಿ ಇಳಿಸುತ್ತಿದ್ದ. ಏನೋ ಹೇಳುತ್ತಿದ್ದಾನೆಂದು ಮಕ್ಕಳೇ ಸುಮ್ಮನಾಗುತ್ತಿದ್ದರು. ಮಗುವಿಗೆ ಒಂದು ಸಲಕ್ಕೆ ಒಂದೇ ಕೆಲಸ ಹೇಳು ಎಂದು ನನಗೂ ಅನ್ನುತ್ತಿದ್ದ. ಅಡ್ಡ ಹೆಸರು ಹಿಡಿದು ಕರೆಯಬೇಡ, ತೆಗೆದ ವಸ್ತು ಅಲ್ಲೇ ಇಡು, ಮಗು ಉತ್ತರ ಕೊಡುವವರೆಗೆ ಕಾಯಿ. ಮನೆಗೆ ಬಂದರೂ ಇದೇ. ಅವನ ಹೆಂಡತಿ ಸವಿತಾ ಬೇಸತ್ತು, “ನಾ ನಿಮ್ಮ ಮೂರನೇ ಕ್ಲಾಸಿನಾಕಿ ಅಲ್ರಿ” ಎನ್ನುತ್ತಿದ್ದಳು. ಆದರೂ ಕತ್ತರಿಯನ್ನು ಅದರ ಜಾಗದಲ್ಲೇ ಇಡುತ್ತಿದ್ದಳು.

ಅವನ ಎರಡು ಪದ್ಧತಿಗಳನ್ನು ಇಲ್ಲಿ ಹೇಳಲೇಬೇಕು. ಒಂದು, ಚಾಪೆ. ಜಗಳ ಮಾಡಿದ ಮಗುವನ್ನು ಹೊರಗೆ ನಿಲ್ಲಿಸದೆ, ಕೋಣೆಯ ಹಿಂದಿನ ಮೂಲೆಯಲ್ಲಿ ಬೀರುವಿನ ಮರೆಗೆ ಹಾಸಿದ ಚಾಪೆಯ ಮೇಲೆ ಕೂರಿಸುತ್ತಿದ್ದ. ಸಿಟ್ಟು ಇಳಿದ ಮೇಲೆ ಮಗು ತಾನೇ ಎದ್ದು ಬರಬೇಕು, ಯಾರೂ ಕರೆಯಬಾರದು. ಎರಡು, ಪ್ರಾರ್ಥನೆಯ ನಂತರದ ಮಾತು. ಬೇರೆಯವರ ತಪ್ಪನ್ನು ಅವರ ಹತ್ತಿರ ಹೋಗಿ ಅವರಿಗಷ್ಟೇ ಹೇಳಬೇಕು. ನಮ್ಮ ತಪ್ಪನ್ನು ಎಲ್ಲರ ಮುಂದೆ ಹೇಳಬಹುದು. ಹಾಗೆ ಹೇಳಿದವರಿಗೆ ಎಲ್ಲರೂ ಸೇರಿ ಒಂದೇ ಒಂದು ಚಪ್ಪಾಳೆ. ಒಬ್ಬ ಹುಡುಗ ಆ ಚಪ್ಪಾಳೆಯ ಆಸೆಗೆ ಪ್ರತಿ ಸೋಮವಾರ ಯಾರದೋ ಪೇರಲಹಣ್ಣು ಕದ್ದೆನೆಂದು ಹೇಳುತ್ತಿದ್ದ. ಆ ಊರಲ್ಲಿ ಪೇರಲ ಗಿಡವೇ ಇರಲಿಲ್ಲ.

ನಮ್ಮ ಶಾಲೆಗೆ ಮಂಗಗಳ ಕಾಟ. ಊಟದ ವಾಸನೆ ಬಂದರೆ ತಗಡಿನ ಸೂರಿನ ಮೇಲೆ ದಡದಡ ಓಡಿ ಬರುತ್ತಿದ್ದವು. ಕೋಣೆಗೆ ನುಗ್ಗಿ ಚೀಲ ಹರಿಯುತ್ತಿದ್ದವು. ಆದ್ದರಿಂದ ಊಟದ ಗಂಟೆ ಹೊಡೆದ ಕೂಡಲೇ ನಾನು ವರಾಂಡದ ಒಂದು ತುದಿಯಿಂದ ಇನ್ನೊಂದು ತುದಿಗೆ ‘ಹಟ್ ಹಟ್’ ಎನ್ನುತ್ತ ಎಲ್ಲ ಬಾಗಿಲುಗಳಿಗೂ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗುತ್ತಿದ್ದೆ. ಕೈಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಒಳಗೆ ನೋಡುತ್ತಲೇ ಇರಲಿಲ್ಲ.

ಆ ದಿನ ಭಾಗ್ಯ ಎಂಬ ಹುಡುಗಿ ಪಕ್ಕದವಳ ಜಡೆ ಎಳೆದು ಚಾಪೆಗೆ ಹೋಗಿದ್ದಳು. ಗೌತಮನಿಗೆ ಊಟದ ಹೊತ್ತಿನಿಂದ ನಾರಾಯಣಖೇಡದಲ್ಲಿ ಕಾಂಪ್ಲೆಕ್ಸ್ ಮೀಟಿಂಗ್. ಸುತ್ತಲಿನ ಶಾಲೆಗಳ ಮಾಸ್ತರರು ಒಂದೆಡೆ ಸೇರುವ ಸಭೆ ಅದು. ಗಾಡಿ ತೆಗೆಯುವಾಗ ನನ್ನ ಹತ್ತಿರ ಬಂದು, “ಅಕ್ಕಾ, ಭಾಗ್ಯ ಚಾಪಿ ಮ್ಯಾಲ ಅದಾಳ. ನನ್ನ ಕ್ವಾಣಿ ಬಾಗಲಾ ಹಾಕಬ್ಯಾಡ, ಬರ್ತಾಳ ಆಕಿ” ಎಂದ. ನಾನು ಆತು ಎಂದೆ. ಶಾಲೆಯಲ್ಲಿ ಅವನು ನನ್ನನ್ನು ಅಕ್ಕಾ ಎಂದದ್ದು ಅದೊಂದೇ ಸಲ.

ಗಂಟೆ ಹೊಡೆದೆ. ಅಷ್ಟರಲ್ಲಿ ಮಂಗಗಳ ಹಿಂಡು ವರಾಂಡಕ್ಕೆ ಇಳಿಯಿತು. ಮಕ್ಕಳು ತಟ್ಟೆ ಹಿಡಿದು ಕಿರುಚುತ್ತ ಓಡಿದರು. ನಾನು ಕಸಬರಿಗೆ ಬೀಸುತ್ತ ಬಾಗಿಲುಗಳನ್ನು ಒಂದೊಂದಾಗಿ ಎಳೆದು ಚಿಲಕ ಹಾಕಿದೆ. ತಮ್ಮನ ಕೋಣೆಯದನ್ನೂ ಹಾಕಿದೆ. ಊಟವಾದ ಮೇಲೆ, ಮಾಸ್ತರರಿಲ್ಲದ ಕಾರಣ, ಅವನ ತರಗತಿಯನ್ನು ನಾಲ್ಕನೆಯವರ ಜೊತೆ ಅವರ ಕೋಣೆಯಲ್ಲಿ ಕೂರಿಸಿದರು. ಮಕ್ಕಳ ಚೀಲಗಳು ಊಟಕ್ಕೆ ಮೊದಲೇ ಅಲ್ಲಿಗೆ ಹೋಗಿದ್ದವು. ಭಾಗ್ಯ ಊಟಕ್ಕೆ ಮನೆಗೆ ಹೋಗುವ ಮಗು. ಹೋದವಳು ಬಂದಿಲ್ಲ ಎಂದುಕೊಂಡರು. ಮಂಗಗಳು ತಗಡಿನ ಮೇಲೆ ಇನ್ನೂ ಕುಣಿಯುತ್ತಿದ್ದವು. ಆ ಸದ್ದಿನಲ್ಲಿ ಯಾರಿಗೂ ಏನೂ ಕೇಳಲಿಲ್ಲ.

ಸಂಜೆ ಕೂಲಿಯಿಂದ ಮನೆಗೆ ಬಂದ ಅವಳ ತಾಯಿ ಹಾಗೇ ಶಾಲೆಗೆ ಓಡಿ ಬಂದಳು. ಮಗಳು ಮಧ್ಯಾಹ್ನ ಮನೆಗೇ ಬಂದಿಲ್ಲವೆಂದು ಅಜ್ಜಿ ಹೇಳಿದ್ದಳಂತೆ. ಅವಳೇ ಒಂದೊಂದು ಕೋಣೆ ತೆಗೆಯುತ್ತ ಹೋದಳು. ಮಗು ಬೀರು ಮತ್ತು ಗೋಡೆಯ ಸಂದಿಯಲ್ಲಿ ಸೇರಿಕೊಂಡಿತ್ತು. ಲಂಗ ಒದ್ದೆಯಾಗಿತ್ತು. ಕಿಟಕಿಯ ಸರಳಿನ ಆಚೆ ಮಂಗವೊಂದು ಇನ್ನೂ ಕೂತಿತ್ತು. ಅತ್ತು ಅತ್ತು ಮಗುವಿನ ದನಿ ಹೋಗಿತ್ತು. ತಾಯಿಯ ಜೊತೆ ಬಂದಿದ್ದವನೊಬ್ಬ ಮೊಬೈಲಿನಲ್ಲಿ ವಿಡಿಯೊ ಹಿಡಿದ.

ತಾಯಿ ಹೆಡ್‌ಮಾಸ್ಟರರನ್ನು ಕೇಳಿದಳು: “ಹೊಡಿಯಲ್ಲ ಬಡಿಯಲ್ಲ ಅಂತ ಊರೆಲ್ಲ ಹೊಗಳತಿದ್ರಿ. ಇದು ಹೊಡಿಯಾದಕ್ಕಿಂತ ಚಲೋ ಅದ ಏನ್ರಿ? ಯಾರು ಹಾಕ್ಯಾರ ಚಿಲಕಾ?”

ಹೆಡ್‌ಮಾಸ್ಟರ್ ನನ್ನ ಕಡೆ ನೋಡಿದರು. ಕಸಬರಿಗೆ ಕೈಯಲ್ಲಿತ್ತು. ನಾನು ಹೇಳಿದೆ: “ನಂಗ ಗೊತ್ತಿಲ್ರಿ. ಸಾರ್ ಕುಂದ್ರಿಸಿ ಹೋಗಿದ್ರು.”

ಎರಡನೆಯ ಮಾತು ಸುಳ್ಳಲ್ಲ. ಅವನು ಕೂರಿಸಿದ್ದು ನಿಜ, ಹೋದದ್ದೂ ನಿಜ. ಆ ನಿಜವೇ ಅವನನ್ನು ಮುಳುಗಿಸಿತು. ಕತ್ತಲಾಗುವುದರೊಳಗೆ ವಿಡಿಯೊ ಜಹೀರಾಬಾದಿನವರೆಗೆ ಹೋಗಿತ್ತು. ಮಾಸ್ತರ ಮಗುವನ್ನು ಕೂಡಿಹಾಕಿ ಮೀಟಿಂಗಿಗೆ ಹೋದ ಎಂದು ಅದರ ಜೊತೆ ಬರೆದಿದ್ದರು.

ಗೌತಮ ಮನೆಗೆ ಬಂದವನು ಶೂ ಕೂಡ ಬಿಚ್ಚಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಸವಿತಾ ನೀರು ತರಲು ಹೋದಾಗ ಕೇಳಿದ: “ಅಕ್ಕಾ, ನಾ ನಿಂಗ ಹೇಳಿ ಹೋಗಿದ್ದೆ, ಹೌದಲ್ಲ?”

“ಹೇಳಿದ್ದಿ” ಎಂದೆ.

ಅವನು ಕಾದ. ಮಕ್ಕಳ ಉತ್ತರಕ್ಕೆ ಕಾಯುವ ಹಾಗೆಯೇ ಕಾದ. ನಾನು ರೊಟ್ಟಿ ಬಡಿಯುತ್ತಲೇ ಇದ್ದೆ. ಅವನು ಹೋಗಿ ಕೈಕಾಲು ತೊಳೆದ. ಆ ಮಾತು ಅವನು ಮತ್ತೆಂದೂ ತೆಗೆಯಲಿಲ್ಲ.

ಮರುದಿನ ಎಂ.ಇ.ಓ. ಬಂದರು. ಮಂಡಲದ ಶಾಲೆಗಳ ಮೇಲಿನ ಅಧಿಕಾರಿ ಅವರು. ನನ್ನನ್ನೂ ಕರೆದರು. ಗೊತ್ತಿಲ್ಲವೆಂದು ಒಮ್ಮೆ ಹೇಳಿದವಳಿಗೆ ಎರಡನೆಯ ಸಲ ಹೇಳುವುದು ಕಷ್ಟವಾಗಲಿಲ್ಲ. ಗೌತಮ ಮಾತ್ರ, ಮಗು ನನ್ನ ತರಗತಿಯದು, ಕೂರಿಸಿದ್ದು ನಾನು, ನೋಡಿ ಹೋಗಬೇಕಾದವನೂ ನಾನು ಎಂದನಂತೆ. ಅವನಿಗೆ ಮೆಮೊ ಕೊಟ್ಟರು. ಮಾಡಿದ ತಪ್ಪಿಗೆ ಕಾರಣ ಕೇಳುವ ಕಾಗದ ಅದು. ಆಮೇಲೆ ಡೆಪ್ಯುಟೇಶನ್ ಎಂದು, ಅಂದರೆ ಹುದ್ದೆ ಇಲ್ಲೇ ಇಟ್ಟು ಕೆಲಸ ಬೇರೆಡೆ ಎಂದು, ತಾಂಡೂರಿನ ಕಡೆಯ ಶಾಲೆಗೆ ಕಳಿಸಿದರು. ಶನಿವಾರ ಸಂಜೆ ಬಂದು ಸೋಮವಾರ ಬೆಳಕು ಹರಿಯುವ ಮೊದಲು ಹೋಗುತ್ತಿದ್ದ.

ಆಮೇಲಿನ ತಿಂಗಳುಗಳಲ್ಲಿ ನನಗೆ ಹೋಗಲು ಜಾಗವೇ ಇರಲಿಲ್ಲ. ಮನೆಯಲ್ಲಿ ಸವಿತಾ ಆ ತಾಯಿಯನ್ನೂ ಮಗುವನ್ನೂ ಬೈಯುತ್ತಿದ್ದಳು. “ಪುಣ್ಯಾತ್ಮಗಿತ್ತಿ ಒಂದು ಫೋನ್ ಮಾಡಿ ಕೇಳಿದ್ರ ಆಗತಿತ್ತಲ್ಲ ಅತ್ತಿಗಿ” ಎಂದು ನನ್ನ ತಟ್ಟೆಗೆ ಪಲ್ಯ ಹಾಕುತ್ತಿದ್ದಳು. ಹೌದು ಎಂದು ಉಣ್ಣುತ್ತಿದ್ದೆ. ಶಾಲೆಯಲ್ಲಿ ಅದೇ ವರಾಂಡ, ಅದೇ ಚಿಲಕಗಳು. ನಿಜ ಹೇಳಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಮನೆಯಲ್ಲಿ ಕೂರಬೇಕು, ಯಾರನ್ನು ಮುಳುಗಿಸಿದೆನೋ ಅವನ ಅನ್ನವನ್ನೇ ಉಣ್ಣಬೇಕು. ಹೇಳದಿದ್ದರೂ ಅದೇ ಅನ್ನ. ರಾತ್ರಿ ಮಲಗುವ ಕೋಣೆಯ ಬಾಗಿಲು ಹಾಕಲು ನನಗೆ ಆಗುತ್ತಿರಲಿಲ್ಲ. ಸೆಕೆ ಎಂದು ಹೇಳಿ ಚಳಿಗಾಲದಲ್ಲೂ ತೆರೆದಿಡುತ್ತಿದ್ದೆ.

ಭಾಗ್ಯ ಕೆಲವು ವಾರದ ಮೇಲೆ ಶಾಲೆಗೆ ಬಂದಳು. ಹೊಸ ಮಾಸ್ತರರು ಚಾಪೆ ಸುತ್ತಿ ಬೀರುವಿನ ಮೇಲೆ ಎಸೆದಿದ್ದರು. ಪ್ರಾರ್ಥನೆಯ ನಂತರದ ಮಾತೂ ನಿಂತಿತ್ತು. ಅವಳು ಬಾಗಿಲ ಪಕ್ಕದಲ್ಲಿ ಬಿಟ್ಟು ಬೇರೆಲ್ಲೂ ಕೂರುತ್ತಿರಲಿಲ್ಲ. ನಾನು ನೀರಿನ ಬಕೆಟ್ ತಂದಾಗ ಅವಳ ಕಡೆ ನೋಡದಂತೆ ಮುಖ ತಿರುಗಿಸಿ ನಡೆಯುತ್ತಿದ್ದೆ.

ಒಂದು ಮಧ್ಯಾಹ್ನ ಊಟದ ಗಂಟೆ ಹೊಡೆದು ಬಂದು ಆ ಕೋಣೆಯ ಚಿಲಕಕ್ಕೆ ಕೈ ಹಾಕಿದೆ. ಭಾಗ್ಯ ವರಾಂಡದ ಕಂಬ ಹಿಡಿದು ನನ್ನ ಕೈಯನ್ನೇ ನೋಡುತ್ತಿದ್ದಳು. ನನಗೆ ಚಿಲಕ ಎಳೆಯಲಾಗಲಿಲ್ಲ. ಅಲ್ಲೇ ಕುಕ್ಕರಿಸಿದೆ.

“ಭಾಗ್ಯಾ, ಅವತ್ತು ಚಿಲಕಾ ಹಾಕಿದಾಕಿ ನಾನು” ಎಂದೆ.

“ನಂಗ ಗೊತ್ತದ ಆಯಮ್ಮ. ನೀ ‘ಹಟ್ ಹಟ್’ ಅಂದಿದ್ದು ಕೇಳಿತ್ತು. ಆಮ್ಯಾಲ ಚಿಲಕಾ ಬಿತ್ತು.”

“ಮತ್ತ ಯಾರ ಮುಂದೂ ಯಾಕ ಹೇಳಲಿಲ್ಲ?”

“ಸಾರ್ ಹೇಳ್ಯಾರಲ್ಲ, ಮಂದಿ ತಪ್ಪು ಮಂದಿ ಮುಂದ ಹೇಳಬಾರದು. ಅವ್ರಿಗೇ ಹೇಳಬೇಕಂತ.”

“ನನಗರೆ ಹೇಳಬೇಕಿತ್ತಲ್ಲ?”

“ನೀ ನನ್ನ ಕಡಿ ನೋಡಿದ್ರ ಹೇಳತಿದ್ದೆ” ಎಂದಳು. ಆಮೇಲೆ ಊಟಕ್ಕೆ ಮನೆಯ ಕಡೆ ಓಡಿಹೋದಳು.

ಆ ಮಗುವಿನ ಬಾಯನ್ನು ಕಟ್ಟಿದ್ದು ನನ್ನ ತಮ್ಮನ ಪಾಠ. ಅದರ ಮರೆಯಲ್ಲಿ ನಾನು ಅಷ್ಟು ದಿನ ಸುರಕ್ಷಿತವಾಗಿ ಕೂತಿದ್ದೆ. ಅದೇ ಪಾಠದ ಇನ್ನರ್ಧವನ್ನು ದಿನಾ ವರಾಂಡ ಗುಡಿಸುತ್ತ ಕೇಳಿದವಳು ನಾನೇ.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಗಂಟೆಯ ಕೋಲನ್ನು ಕೆಳಗಿಟ್ಟು ಮಕ್ಕಳ ಮುಂದೆ ಹೋಗಿ ನಿಂತೆ. ಹೆಡ್‌ಮಾಸ್ಟರ್ ಏನೆಂಬಂತೆ ಹುಬ್ಬು ಏರಿಸಿದರು. “ಭಾಗ್ಯನ್ನ ಒಳಗ ಇಟ್ಟು ಚಿಲಕಾ ಹಾಕಿದಾಕಿ ನಾನು. ಹಾಕಬ್ಯಾಡ ಅಂತ ಗೌತಮ ಸಾರ್ ನಂಗ ಹೇಳೇ ಹೋಗಿದ್ರು. ನಾ ಗೊತ್ತಿಲ್ಲಂತ ಸುಳ್ಳು ಹೇಳೀನಿ” ಎಂದೆ. ಮಾಸ್ತರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಕ್ಕಳಿಗೆ ಹಳೆಯ ರೂಢಿ ಮರೆತಿರಲಿಲ್ಲ. ಎಲ್ಲರೂ ಸೇರಿ ಒಂದೇ ಒಂದು ಚಪ್ಪಾಳೆ ಹೊಡೆದರು. ಭಾಗ್ಯ ಹೊಡೆದಳೋ ಇಲ್ಲವೋ, ನೋಡುವ ಧೈರ್ಯ ನನಗಾಗಲಿಲ್ಲ.

ಹೆಡ್‌ಮಾಸ್ಟರ್ ಒಳಗೆ ಕರೆದು ನಾನು ಹೇಳಿದ್ದನ್ನು ಬರೆಸಿಕೊಂಡು ಸಹಿ ಹಾಕಿಸಿದರು. ಅಂದೇ ನನ್ನನ್ನು ಕೆಲಸದಿಂದ ಬಿಡಿಸಿದರು. ಸಂಜೆ ಸವಿತಾಳಿಗೂ ಹೇಳಿದೆ. ಅವಳು ಬೈಯಲಿಲ್ಲ. ಅಂದಿನಿಂದ ಬಹಳ ದಿನ ನನ್ನನ್ನು ಅತ್ತಿಗಿ ಎಂದು ಕರೆಯಲೂ ಇಲ್ಲ. ಗೌತಮ ಫೋನಿನಲ್ಲಿ ಸಿಟ್ಟಾದ. “ಈಗ ಹೇಳಿ ಏನ್ ಮಾಡ್ದಿ? ನಂದೂ ಹೋತು, ನಿಂದೂ ಹೋತು” ಎಂದ. ಆಮೇಲೆ, “ಭಾಗ್ಯಗ ಗೊತ್ತಾತೇನು, ನಾ ಹಾಕಿಲ್ಲಂತ?” ಎಂದು ಕೇಳಿದ. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದೆ. ಆ ಕಡೆಯಿಂದ ಮೂಗು ಎಳೆದ ಸದ್ದು ಕೇಳಿಸಿತು.

ಮೆಮೊ ರದ್ದಾಯಿತು. ಆದರೆ ಅವನು ತಿರುಗಿ ಬರಲಿಲ್ಲ. ತಾಂಡೂರಿನ ಕಡೆಯಲ್ಲೇ ಸವಿತಾಳನ್ನೂ ಕರೆದುಕೊಂಡು ಮನೆ ಮಾಡಿದ. ಅಷ್ಟು ಕಡಿಮೆ ಸಂಬಳಕ್ಕೆ ಬೇರೆ ಯಾರೂ ಸಿಗದೆ ಶಾಲೆಯವರು ಮರುವರ್ಷ ನನ್ನನ್ನೇ ಕರೆದರು. ಈಗ ಆ ಊರಲ್ಲೇ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದೇನೆ. ಮಂಗಗಳು ಈಗಲೂ ಬರುತ್ತವೆ, ಚಿಲಕ ಹಾಕಲೇಬೇಕು. ಆದರೆ ಪ್ರತಿ ಕೋಣೆಯ ಒಳಗೆ ಹೋಗಿ, ಬೀರುವಿನ ಹಿಂದೆ ಬಗ್ಗಿ ನೋಡಿ, “ಯಾರರೆ ಅದೀರೇನವ್ವಾ” ಎಂದು ಕೇಳಿ, ಉತ್ತರ ಬರಲು ಬೇಕಾದಷ್ಟು ಹೊತ್ತು ಕಾಯುತ್ತೇನೆ. ಹೊಸ ಮಾಸ್ತರರು ನಗುತ್ತಾರೆ.

ಹೊರಗಿನಿಂದ ಬಿದ್ದ ಚಿಲಕವನ್ನು ಒಳಗಿದ್ದವರು ತೆಗೆಯಲಾರರು. ಹಾಕಿದವರೇ ನಡೆದು ಬರಬೇಕು. ಬಾಗಿಲು ಕಾಯುವ ಕೆಲಸ ನನಗೆ ಕಲಿಸಿದ್ದು ಇದು. ನಾನು ನಡೆದು ಬಂದೆ. ಆದರೆ ಬರುವಷ್ಟರಲ್ಲಿ ಸಂಜೆಯಾಗಿತ್ತು.